ಅಕ್ವೇರಿಯಂಗೆ ಅಳಿವೆಯ ರೇತಿ, ಹಸಿ ಗೊಬ್ಬರ ಹಾಕಬೇಡಿ: 11 ಮೀನು ಸತ್ತ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಯಾರಾದರೂ ಕಡಿಮೆ ಖರ್ಚಿನಲ್ಲಿ ಗಿಡ ನೆಟ್ಟ ಅಕ್ವೇರಿಯಂ ಮಾಡಬೇಕು ಅಂತಿದ್ದರೆ, ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ಕಡೆಯ ರೇತಿ, ಅಂದರೆ ಮರಳನ್ನು ಪರೀಕ್ಷೆ ಮಾಡದೆ ಹಾಕಬೇಡಿ. ಹಸಿ ಕೊಟ್ಟಿಗೆ ಗೊಬ್ಬರವಂತೂ ಬೇಡವೇ ಬೇಡ. ಎರಡೂ ನಮ್ಮಲ್ಲಿ ಪುಕ್ಕಟೆ ಸಿಗುತ್ತವೆ, ಅದಕ್ಕೇ ಕೈ ಹೋಗುತ್ತದೆ. ನನ್ನ ಕೈಯೂ ಹಾಗೇ ಹೋಯಿತು. ನಾಲ್ಕು ದಿನದಲ್ಲಿ 14 ಮೀನುಗಳಲ್ಲಿ 11 ಸತ್ತವು.

ಮಗಳಿಗೆ ಮೇ ರಜೆಯಲ್ಲಿ ಮೀನಿನ ಟ್ಯಾಂಕು ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಕೈಯಲ್ಲಿ ಇದ್ದದ್ದು 2,500 ರೂಪಾಯಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಹಳೆಯ ಟ್ಯಾಂಕು 800ಕ್ಕೆ ಸಿಕ್ಕಿತು. ಚಿಕ್ಕ ಫಿಲ್ಟರ್ 400. ಲೈಟಿಗೆ ಮನೆಯಲ್ಲೇ ಇದ್ದ 9 ವ್ಯಾಟಿನ ಎಲ್‌ಇಡಿ ಬಲ್ಬು. ಇಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು, ಈಗಲೂ ಅದೇ ಟ್ಯಾಂಕು, ಅದೇ ಬಲ್ಬು ನಡೆಯುತ್ತಿದೆ. ಒಂದು ಮಾತು ಮಾತ್ರ, ಇಷ್ಟು ದೊಡ್ಡ ಟ್ಯಾಂಕು ತುಂಬಿದ ಮೇಲೆ ಮರಳು, ಗಾಜು, ನೀರು ಎಲ್ಲ ಸೇರಿ 80 ಕಿಲೋ ಹತ್ತಿರ ಬರುತ್ತದೆ. ಟೀಪಾಯಿ ಮೇಲೆ ಇಡಬೇಡಿ. ನಾವು ಗೋಡೆಗೆ ತಾಗಿಸಿ ಚಿರೆಕಲ್ಲು ಜೋಡಿಸಿ, ಮೇಲೆ ಹಲಗೆ ಹಾಕಿ, ಹಲಗೆಗೆ ಥರ್ಮಾಕೋಲ್ ಹಾಸಿ ಇಟ್ಟೆವು.

ತೊಂದರೆ ಶುರುವಾದದ್ದು ತಳಕ್ಕೆ ಏನು ಹಾಕುವುದು ಅನ್ನುವಲ್ಲಿ. ಗಿಡಕ್ಕೆ ಅಂತಲೇ ಪ್ಯಾಕೆಟಿನಲ್ಲಿ ಬರುವ ಮಣ್ಣಿಗೆ ನನ್ನ ಬಜೆಟ್ ಪೂರ್ತಿ ಹೋಗುತ್ತಿತ್ತು. ಕೆಳಗೆ ಮಣ್ಣು, ಮೇಲೆ ಮರಳು ಹಾಕಿದರೂ ಗಿಡ ಚೆನ್ನಾಗಿ ಬರುತ್ತದೆ ಅಂತ ಓದಿದ್ದೆ. ಅದು ನಿಜವೇ. ಪಕ್ಕದ ಮನೆಯವರು ಕಟ್ಟಡ ಕಟ್ಟಿಸುತ್ತಿದ್ದರು, ಅಂಗಳದಲ್ಲಿ ಕಾಳಿ ನದಿಯ ಅಳಿವೆ ಕಡೆಯಿಂದ ಬಂದ ರೇತಿಯ ರಾಶಿ. ಕೇಳಿದ್ದಕ್ಕೆ "ಎಷ್ಟು ಬೇಕೋ ಒಯ್ಯಿ" ಅಂದರು. ಎರಡು ಬಕೆಟ್ ತಂದೆ. ಉಪ್ಪು ಇರಬಹುದು ಅಂತ ಆರೇಳು ಸಲ ತೊಳೆದೆ. ನಾಲಗೆಗೆ ಮುಟ್ಟಿಸಿಯೂ ನೋಡಿದೆ, ಉಪ್ಪಿರಲಿಲ್ಲ. ಅಲ್ಲಲ್ಲಿ ಬಿಳಿ ಚೂರುಗಳು ಕಾಣುತ್ತಿದ್ದವು. ಚಂದವೇ ಇದೆ ಅಂದುಕೊಂಡೆ.

ಗೊಬ್ಬರ ಶಿರಸಿಯಿಂದ ಬಂತು. ಚಿಕ್ಕಮ್ಮನ ಮನೆಗೆ ಹೋದಾಗ ಹೂವಿನ ಗಿಡಕ್ಕೆ ಅಂತ ಅರ್ಧ ಚೀಲ ಕೊಟ್ಟಿದ್ದರು. ಅಂಗಳದ ಕೆಂಪು ಮಣ್ಣಿಗೆ ಅದನ್ನು ಕಲಸಿ ಮೂರು ಇಂಚು ಹಾಸಿದೆ. ಮೂರು ಇಂಚು ಬಹಳ ಜಾಸ್ತಿ. ಒಂದು ಇಂಚು ಸಾಕಿತ್ತು, ಅದೂ ಗೊಬ್ಬರ ಇಲ್ಲದ ಮಣ್ಣು.

ಗಿಡ, ಮೀನು ಎರಡೂ ಅಂಗಡಿಯಿಂದ ತಂದೆ. ಯಾವ ಅಂಗಡಿ, ಯಾವ ಊರು ಅಂತ ಬರೆಯುವುದಿಲ್ಲ. ಅವರು ಹೇಳಿದ್ದು ಇಷ್ಟೇ, "ಎರಡು ದಿನ ಫಿಲ್ಟರ್ ಓಡಿಸಿ, ಮೂರನೇ ದಿನ ಮೀನು ಬಿಡಿ, ಏನೂ ಆಗೂದಿಲ್ಲ." ನಾನು ಐದು ದಿನ ಕಾದೆ. ಆಮೇಲೆ 8 ನಿಯಾನ್ ಟೆಟ್ರಾ, 5 ಗಪ್ಪಿ ತಂದೆ. ಪಾಚಿ ತಿನ್ನುತ್ತದೆ ಅಂತ ಅವರೇ ಒಂದು ಸಕ್ಕರ್ ಮೀನು ಸೇರಿಸಿ ಕೊಟ್ಟರು.

ಮೊದಲ ದಿನ ಟ್ಯಾಂಕಿನ ಮುಂದಿನಿಂದ ಮಗಳು ಏಳಲೇ ಇಲ್ಲ. ಎರಡನೇ ದಿನ ಬೆಳಿಗ್ಗೆ ಅವಳೇ ಬಂದು ಎಬ್ಬಿಸಿದಳು. "ಅಮ್ಮ, ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ." ಹೋಗಿ ನೋಡಿದರೆ ನಿಯಾನ್‌ಗಳ ನೀಲಿ ಗೆರೆ ಮಂಕಾಗಿ ಬೂದಿಯ ಹಾಗೆ ಕಾಣುತ್ತಿತ್ತು. ಕಿವಿರು ಮಾತ್ರ ಕೆಂಪು ಕೆಂಪು. ಒಂದು ಆಗಲೇ ಫಿಲ್ಟರಿನ ಪಕ್ಕ ಅಡ್ಡ ಮಲಗಿತ್ತು, ಉಸಿರಾಡುತ್ತಿತ್ತು, ಏಳಲು ಆಗುತ್ತಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಆಕ್ಸಿಜನ್ ಸಾಲುತ್ತಿಲ್ಲ ಅಂದರು, ಗಾಳಿ ಪಂಪು ತಂದೆ. ಸೋಂಕಿರಬಹುದು ಅಂದರು, ನೀಲಿ ಔಷಧಿ ತಂದೆ. ಮೂರನೇ ದಿನ ನೀರು ಪೂರ್ತಿ ಬದಲಿಸಿ ಅಂದರು, ನಲ್ಲಿ ನೀರು ಹಿಡಿದು ಪೂರ್ತಿ ಬದಲಿಸಿದೆ. ಕ್ಲೋರಿನ್ ಹೋಗಲಿ ಅಂತ ಒಂದು ರಾತ್ರಿ ಬಿಡಬೇಕು ಅನ್ನುವುದೂ ಗಾಬರಿಯಲ್ಲಿ ನೆನಪಾಗಲಿಲ್ಲ. ಅವತ್ತು ಸಂಜೆಯ ಒಳಗೆ ಆರು ಸತ್ತವು. ಮಗಳು ಒಂದೊಂದನ್ನೇ ಟೀ ಸೋಸುವ ಜಾಳಿಗೆಯಲ್ಲಿ ತೆಗೆದು ದಾಸವಾಳದ ಬುಡಕ್ಕೆ ಹಾಕಿ ಬಂದಳು. ಅಳಲಿಲ್ಲ. ಎಣಿಸುತ್ತಿದ್ದಳು.

ನಾಲ್ಕನೇ ದಿನ ಅಂಕೋಲಾದಿಂದ ಭಾವ ಬಂದರು. ಅವರು ಸಿಗಡಿ ಕೆರೆ ನೋಡಿಕೊಳ್ಳುವವರು. ನೀರು ಪರೀಕ್ಷೆ ಮಾಡುವುದು ಅವರ ದಿನದ ಕೆಲಸ, ಕಿಟ್ಟು ಬೈಕಿನ ಡಿಕ್ಕಿಯಲ್ಲೇ ಇರುತ್ತದೆ. ಟ್ಯಾಂಕಿನ ನೀರು ಸಣ್ಣ ಗಾಜಿನ ನಳಿಕೆಗೆ ಹಾಕಿ, ಹನಿ ಬಿಟ್ಟು, ಐದು ನಿಮಿಷ ಬಿಟ್ಟರು. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗೇ ಇರಬೇಕಂತೆ. ನಮ್ಮದು ಕಡು ಹಸಿರಾಯಿತು. ಆಮೇಲೆ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ ನೋಡಿದರು. 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ನಮ್ಮ ಬಾವಿ ನೀರು 6ರ ಆಸುಪಾಸು. ಟ್ಯಾಂಕಿನದು 8.

"ಇದು ಹೆಂಗೆ ಸಾಧ್ಯ? ಈ ಹೊಯ್ಗೆ ಎಲ್ಲಿಂದ ತಂದೆ?" ಅಂತ ಕೇಳಿದರು.

ಬಕೆಟಿನಲ್ಲಿ ಉಳಿದಿದ್ದ ರೇತಿ ಒಂದು ಹಿಡಿ ಸ್ಟೀಲ್ ಬಟ್ಟಲಿಗೆ ಹಾಕಿ ಅಡುಗೆಮನೆಯ ವಿನೆಗರ್ ಸುರಿದರು. ಚುರ್ ಅಂತ ಸದ್ದು. ಬಿಳಿ ಚೂರುಗಳ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು, ಸೋಡಾ ಬಾಟಲಿ ತೆಗೆದ ಹಾಗೆ. ಆ ಚೂರುಗಳೆಲ್ಲ ಬಳಚಿನ ಚಿಪ್ಪು. ನಮ್ಮ ಕರಾವಳಿಯಲ್ಲಿ ಇದೇ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ಗೋಡೆಗೆ ಬಳಿಯುತ್ತಿದ್ದರು, ಎಲೆಗೆ ಹಚ್ಚುತ್ತಿದ್ದರು. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಚಿರೆಕಲ್ಲಿನ ನೆಲದಲ್ಲಿ ತೋಡಿದ ಬಾವಿಯ ನೀರು ಸಾಮಾನ್ಯವಾಗಿ ಮೆದು (ಸುಣ್ಣದ ಅಂಶ ಕಡಿಮೆ), ಸ್ವಲ್ಪ ಹುಳಿ ಸ್ವಭಾವದ್ದು. ಅಂಥ ನೀರಿನಲ್ಲಿ ಚಿಪ್ಪು ನಿಧಾನಕ್ಕೆ ಕರಗುತ್ತದೆ, ನೀರು ಗಡಸಾಗುತ್ತದೆ, ಪಿಎಚ್ ಏರುತ್ತದೆ. ತೊಳೆದರೆ ಉಪ್ಪು ಹೋಗುತ್ತದೆ, ಎಷ್ಟು ತೊಳೆದರೂ ಚಿಪ್ಪು ಹೋಗುವುದಿಲ್ಲ. ನಿಯಾನ್ ಅಮೆಜಾನ್ ಕಡೆಯ ಮೀನು, ಮೆದು ನೀರೇ ಅದಕ್ಕೆ ಬೇಕು. ನಮ್ಮ ಬಾವಿ ನೀರು ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅದನ್ನು ಕೆಡಿಸಿದ್ದು ನಾನು.

ಬರೀ ಗಡಸು ನೀರಾಗಿದ್ದರೆ ಇಷ್ಟು ಬೇಗ ಸಾಯುತ್ತಿರಲಿಲ್ಲ. ಗಪ್ಪಿಗೆ ಗಡಸು ನೀರು ಇಷ್ಟವೇ, ಆದರೂ ಗಪ್ಪಿಗಳೂ ಸತ್ತವು. ಕೊಂದದ್ದು ಗೊಬ್ಬರ ಮತ್ತು ರೇತಿಯ ಜೋಡಿ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗೊಬ್ಬರ ನೀರಿನಲ್ಲಿ ಕೊಳೆತಾಗ ಅಮೋನಿಯಾ ಬಿಡುತ್ತದೆ. ನೀರಿನ ಪಿಎಚ್ 7ಕ್ಕಿಂತ ಕೆಳಗಿದ್ದರೆ ಅದರಲ್ಲಿ ಬಹುಪಾಲು ಅಮೋನಿಯಂ ರೂಪದಲ್ಲಿ ಇರುತ್ತದೆ, ಅದು ಮೀನಿಗೆ ಅಷ್ಟು ವಿಷವಲ್ಲ. ಪಿಎಚ್ ಒಂದು ಅಂಕಿ ಮೇಲೆ ಹೋದರೆ ವಿಷದ ಪಾಲು ಸುಮಾರು 10 ಪಟ್ಟು ಆಗುತ್ತದೆ. 6ರಿಂದ 8ಕ್ಕೆ ಅಂದರೆ ಎಷ್ಟಾಯಿತು ನೋಡಿ. ಅದು ಕಿವಿರನ್ನೇ ಸುಡುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದು ನೀರಿನಲ್ಲಿ ಆಕ್ಸಿಜನ್ ಇಲ್ಲ ಅಂತಲೇ ಆಗಬೇಕಿಲ್ಲ, ಇದ್ದ ಆಕ್ಸಿಜನ್ ತೆಗೆದುಕೊಳ್ಳಲು ಕಿವಿರಿಗೆ ಆಗುತ್ತಿಲ್ಲ ಅಂತಲೂ ಇರಬಹುದು. ಗಾಳಿ ಪಂಪು, ನೀಲಿ ಔಷಧಿ ಎರಡಕ್ಕೂ ಸೇರಿ 600 ರೂಪಾಯಿ ಹೋಯಿತು. ಬೇಕಾಗಿದ್ದದ್ದು ಅಮೋನಿಯಾ ಕಿಟ್ಟು.

ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೇ ಬೇಜಾರಾಯಿತು. "ಅದು ಇನ್ನೂ ಹಸಿ ಗೊಬ್ಬರ ಆಗಿತ್ತಲೇ ತಂಗಿ. ಅಡಿಕೆ ಮರದ ಬುಡಕ್ಕೂ ನಾವು ಹಂಗೇ ಹಾಕೂದಿಲ್ಲ. ಒಂದು ಮಾತು ಕೇಳಬೇಕಿತ್ತು." ಕೇಳಬೇಕಿತ್ತು, ನಿಜ.

ಭಾವ ಬಂದ ದಿನ ಮಾಡಿದ್ದು ಇಷ್ಟು. ಬಾವಿ ನೀರಿನಿಂದ ಅರ್ಧ ನೀರು ಬದಲಿಸಿದರು. ಆಹಾರ ಪೂರ್ತಿ ನಿಲ್ಲಿಸಿದರು. ಬದುಕಿದ್ದ ಎರಡು ಗಪ್ಪಿ, ಸಕ್ಕರ್ ಮೀನನ್ನು ಬರೀ ನೀರಿನ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ದಿನಾ ಅರ್ಧ ನೀರು ಬದಲಿಸಲು ಹೇಳಿದರು. ಆ ಮೂರೂ ಉಳಿದವು. ನಿಮ್ಮ ಟ್ಯಾಂಕಿನಲ್ಲಿ ಹೀಗಾದರೆ ಮೊದಲ ಗಂಟೆಯಲ್ಲೇ ಇದನ್ನು ಮಾಡಿ. ಔಷಧಿ ಆಮೇಲೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮಾತ್ರ ಆ ನೀರನ್ನು ನೇರವಾಗಿ ಬಳಸಬೇಡಿ. ಬಕೆಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ಟ್ಯಾಂಕು ಖಾಲಿ ಮಾಡುವಾಗ ಮಣ್ಣಿಗೆ ಕೈ ಹಾಕಿದೆ. ದೊಡ್ಡ ಗುಳ್ಳೆಗಳು ಎದ್ದವು, ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ದಪ್ಪ ಮಣ್ಣಿನ ಒಳಗೆ ಗಾಳಿ ಆಡದೆ ಆಗುವುದು ಅದು, ಅದೂ ಮೀನಿಗೆ ವಿಷವೇ.

ಗಿಡದ ವಿಷಯದಲ್ಲೂ ಮೋಸ ಹೋದೆ. 350 ರೂಪಾಯಿಗೆ ಐದು ಗಿಡ ಕೊಟ್ಟಿದ್ದರು. ಅದರಲ್ಲಿ ಒಂದು ಲಕ್ಕಿ ಬ್ಯಾಂಬೂ. ಇನ್ನೊಂದು ಬಿಳಿ ಪಟ್ಟೆಯ ಸ್ಪೈಡರ್ ಪ್ಲಾಂಟ್, ನಮ್ಮ ಜಗಲಿಯಲ್ಲೇ ತೂಗುಕುಂಡದಲ್ಲಿ ಇದ್ದ ಗಿಡ! ನೀರೊಳಗೆ ಇಟ್ಟಾಗ ಗುರುತೇ ಸಿಗಲಿಲ್ಲ. ಇವು ನೀರೊಳಗಿನ ಗಿಡಗಳೇ ಅಲ್ಲ. ಕೆಲವು ವಾರ ಹಸಿರಾಗಿ ಕಾಣುತ್ತವೆ, ಆಮೇಲೆ ಬುಡದಿಂದ ಕೊಳೆಯುತ್ತವೆ, ಕೊಳೆತರೆ ಮತ್ತೆ ಅಮೋನಿಯಾ. ಅಂಗಡಿಯಲ್ಲೇ ಗಿಡವನ್ನು ನೀರಿನಿಂದ ಮೇಲೆ ಎತ್ತಿ ನೋಡಿ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಥರದ್ದು ಒದ್ದೆ ದಾರದ ಹಾಗೆ ಜೋತು ಬೀಳುತ್ತದೆ. ನೆಟ್ಟಗೆ ನಿಂತರೆ ಅನುಮಾನ ಪಡಿ. ಅನುಬಿಯಾಸ್, ಜಾವಾ ಫರ್ನ್ ಗಟ್ಟಿ ಇದ್ದರೂ ಟ್ಯಾಂಕಿಗೆ ಆಗುವ ಗಿಡಗಳೇ, ಅವುಗಳ ದಪ್ಪ ಕಾಂಡವನ್ನು ಮಾತ್ರ ಮರಳಿನಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಬೇಕು.

ಹಳ್ಳದಿಂದ ಗಿಡ ತರುವವರಿಗೂ ಒಂದು ಮಾತು. ಬೇರು, ಎಲೆಯ ಸಂದಿಯಲ್ಲಿ ಜಿಗಣೆ ಇರುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿ ಇರುತ್ತದೆ. ಆ ಮರಿ ಸಣ್ಣ ಮೀನನ್ನು ಹಿಡಿದು ತಿನ್ನುತ್ತದೆ. ಎರಡು ವಾರ ಬೇರೆ ಬಕೆಟಿನಲ್ಲಿ ಇಟ್ಟು ದಿನಾ ನೋಡಿ.

ಸಕ್ಕರ್ ಮೀನನ್ನು ಅಂಗಡಿಗೇ ವಾಪಸು ಕೊಟ್ಟೆ, ಸುಮ್ನೆ ಕೊಟ್ಟೆ, ದುಡ್ಡು ಕೇಳಲಿಲ್ಲ. ಅದು ಒಂದು ಅಡಿಗೂ ಜಾಸ್ತಿ ಬೆಳೆಯುವ ಮೀನು, ಎರಡಡಿ ಟ್ಯಾಂಕಿನಲ್ಲಿ ಅದಕ್ಕೆ ತಿರುಗಲು ಜಾಗವಿಲ್ಲ. ದೊಡ್ಡದಾಯಿತು ಅಂತ ದಯವಿಟ್ಟು ಹೊಳೆಗೆ, ಕೆರೆಗೆ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು. ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಈಗಾಗಲೇ ಸೇರಿಕೊಂಡು ಊರ ಮೀನುಗಳಿಗೆ ಕುತ್ತಾಗಿದೆ. ಟ್ಯಾಂಕಿನ ಗಿಡದ ಚೂರನ್ನೂ ಹಳ್ಳಕ್ಕೆ ಎಸೆಯಬೇಡಿ, ಒಣಗಿಸಿ ಗಿಡದ ಬುಡಕ್ಕೆ ಹಾಕಿ.

ಜುಲೈಯಲ್ಲಿ ಮತ್ತೆ ಶುರು ಮಾಡಿದೆವು. ಈ ಸಲ ಗೊಬ್ಬರ ಸೋಕದ ಕೆಂಪು ಮಣ್ಣು, ಕಸಕಡ್ಡಿ ಜರಡಿ ಹಿಡಿದು, ನೀರಲ್ಲಿ ನೆನೆಸಿ, ಹಂಚಿನ ಕೆಳಗೆ ಒಣಗಿಸಿ, ಹೀಗೆ ಮೂರು ಸಲ. ಒಂದು ಇಂಚು. ಮೇಲೆ ಒಂದೂವರೆ ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ತೊಳೆದ ನೀರು ತಿಳಿಯಾಗುವವರೆಗೆ ತೊಳೆದದ್ದು. ಹಾಕುವ ಮೊದಲು ವಿನೆಗರ್ ಬಿಟ್ಟು ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಜಾಗ ಬಿಡದ ಹಾಗೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ನೆಟ್ಟೆವು. ಲೈಟು ದಿನಕ್ಕೆ 6-7 ಗಂಟೆ, ಜಾಸ್ತಿ ಉರಿಸಿದರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ. ಫಿಲ್ಟರಿನ ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗುವ ಹಾಗೆ ಇಡಿ. ವಯರಿನ ಮೇಲೆ ಇಳಿದು ಬರುವ ನೀರು ಅಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಆಮೇಲೆ ಕಾದೆವು. ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. ಅದು ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಮೊದಲು ಬೆಳೆಯುತ್ತವೆ. ನೈಟ್ರೈಟೂ ವಿಷವೇ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆಮೇಲೆ ಬರುತ್ತವೆ. ನೈಟ್ರೇಟನ್ನು ಗಿಡ ತಿನ್ನುತ್ತದೆ. ಇದಕ್ಕೆಲ್ಲ ನಾಲ್ಕರಿಂದ ಆರು ವಾರ ಬೇಕು. ಎರಡು ದಿನದಲ್ಲಿ ಆಗುವ ಕೆಲಸವೇ ಅಲ್ಲ ಇದು. ಕಿಟ್ಟನ್ನು ಈ ಸಲ ದುಡ್ಡು ಕೊಟ್ಟು ಕೊಂಡೆ. ಅಷ್ಟು ಖರ್ಚು ಬೇಡ ಅನ್ನುವವರು ಇಬ್ಬರು ಮೂವರು ಸೇರಿ ಒಂದು ತೆಗೆದುಕೊಳ್ಳಿ, ಒಂದು ಕಿಟ್ಟು ಎಷ್ಟೋ ಸಲ ಬರುತ್ತದೆ.

ಪರೀಕ್ಷೆ ಮಾಡುವ ಕೆಲಸ ಮಗಳದ್ದು. ಎರಡು ದಿನಕ್ಕೊಮ್ಮೆ ಶಾಲೆಯಿಂದ ಬಂದು ನಳಿಕೆ ಕಿಟಕಿಗೆ ಹಿಡಿದು ಬಣ್ಣ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಹಸಿರು, ಹಸಿರು, ತಿಳಿ ಹಸಿರು. 36ನೇ ದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನಾನು ಹೋಗೋಣವಾ ಅಂದೆ. ಇನ್ನೂ ಎರಡು ಸಲ ಸೊನ್ನೆ ಬರಲಿ ಅಂದಳು. ನಿಯಾನ್ ಬೇಡ ಅಂದಳು, ನಾನು ಒತ್ತಾಯ ಮಾಡಲಿಲ್ಲ. ಟಬ್ಬಿನಲ್ಲಿದ್ದ ಎರಡು ಗಪ್ಪಿಯನ್ನು ಗಡಸು ನೀರಿನ ಟ್ಯಾಂಕಿರುವ ಅವಳ ಗೆಳತಿಯ ಮನೆಗೆ ಕೊಟ್ಟಿದ್ದೆವು. ನಮ್ಮ ಮೆದು ನೀರಿಗೆ ಹೊಂದುವ ರಾಸ್ಬೋರಾ ನಾಲ್ಕು ತಂದೆವು, ಎರಡು ವಾರ ಬಿಟ್ಟು ಇನ್ನೂ ನಾಲ್ಕು. ಎಂಟೂ ಇವೆ.