ಡಿವಿಆರ್, ಕಾರ್ಡ್ ಕ್ಯಾಮೆರಾ, ಸಿಮ್ ಕ್ಯಾಮೆರಾ: ರಾತ್ರಿಯ ರೆಕಾರ್ಡಿಂಗ್ ಬೆಳಿಗ್ಗೆ ಫೋನಲ್ಲಿ ಸಿಗುವುದು ಯಾವುದರಲ್ಲಿ?

ಅಂಗಡಿಯಲ್ಲಿ ಎಲ್ಲರೂ ತೋರಿಸುವುದು ಲೈವ್. ‘ನೋಡಿ ಸಾರ್, ಎಷ್ಟು ಕ್ಲಿಯರ್’ ಅಂತಾರೆ. ಲೈವ್ ಯಾವ ಕ್ಯಾಮೆರಾದಲ್ಲಾದರೂ ಬರುತ್ತದೆ. ಆದರೆ ಕಳ್ಳ ಬರುವ ಹೊತ್ತಿಗೆ ನಾವೇನು ಫೋನ್ ಹಿಡಿದು ಕೂತಿರುತ್ತೇವಾ? ರಾತ್ರಿ ಎರಡು ಗಂಟೆಗೆ ನಾಯಿ ಯಾಕೆ ಬೊಗಳಿತು ಅಂತ ಬೆಳಿಗ್ಗೆ ಹುಡುಕಬೇಕು, ಅದೂ ದೂರದಿಂದ. ನನಗೆ ಮುಖ್ಯವಾದದ್ದು ಅದೊಂದೇ.

ನಾನಿರುವುದು ಹಾಸನದಲ್ಲಿ, ಅಪ್ಪ ಅಮ್ಮ ಸಕಲೇಶಪುರದ ಕಡೆ ತೋಟದ ಮನೆಯಲ್ಲಿ. ಮನೆಯ ಸುತ್ತ, ಎಲ್ಲ ಕ್ಯಾಮೆರಾಗಳ ವಿಡಿಯೋವನ್ನೂ ಒಂದೇ ಡಿಸ್ಕಿನಲ್ಲಿ ಬರೆದಿಡುವ ಪೆಟ್ಟಿಗೆಯಾದ ಡಿವಿಆರ್‌ಗೆ ಸೇರಿದ ನಾಲ್ಕು ಕ್ಯಾಮೆರಾ, ಹಜಾರದಲ್ಲಿ ಮೆಮೊರಿ ಕಾರ್ಡಿನ ವೈಫೈ ಕ್ಯಾಮೆರಾ, ಕಾಫಿ ಒಣಗಿಸುವ ಕಣದಲ್ಲಿ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ. ಮೂರನ್ನೂ ಬಳಸುತ್ತಿದ್ದೇನೆ.

ಹುಡುಕುವ ಕೆಲಸಕ್ಕೆ ಡಿವಿಆರ್‌ನ ಹತ್ತಿರಕ್ಕೂ ಉಳಿದೆರಡು ಬರುವುದಿಲ್ಲ. ಆ್ಯಪಿನಲ್ಲಿ ಪ್ಲೇಬ್ಯಾಕ್ ತೆರೆದರೆ ಕೆಳಗೆ ಗಂಟೆಗಳ ಪಟ್ಟಿ ಬರುತ್ತದೆ. ಬೆರಳಲ್ಲಿ ಎಳೆದು ಎರಡು ಗಂಟೆಗೆ ನಿಲ್ಲಿಸಿದರೆ ಆಯಿತು. ಮೊದಲು ಕಡಿಮೆ ಕ್ವಾಲಿಟಿಯಲ್ಲಿ ಓಡಿಸಿ ನೋಡುತ್ತೇನೆ, ಬೇಕಾದ ಜಾಗ ಸಿಕ್ಕ ಮೇಲೆ ಎಚ್‌ಡಿ. ಯಾಕೆಂದರೆ ಇಲ್ಲಿ ನಡೆಯುವುದು ತೋಟದ ಮನೆಯ ಅಪ್‌ಲೋಡ್ ವೇಗ. ನಮ್ಮ ಫೋನಿಗೆ 5ಜಿ ಇದ್ದರೂ ಆ ಕಡೆಯಿಂದ ಬಾರದಿದ್ದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಫೈಬರ್ ಇದ್ದರೆ ಚಿಂತೆಯಿಲ್ಲ.

ಜಾಗದ ಲೆಕ್ಕವೂ ನೋಡಿ. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ದಿನಪೂರ್ತಿ ರೆಕಾರ್ಡ್ ಮಾಡಿದರೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86 ಜಿಬಿ. 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನ ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಸೆಟ್ಟಿಂಗ್‌ನಲ್ಲಿ ಎಚ್.265 (ವಿಡಿಯೋವನ್ನು ಇನ್ನಷ್ಟು ಕುಗ್ಗಿಸಿಡುವ ವಿಧಾನ) ಇದ್ದರೆ ಹಾಕಿಕೊಳ್ಳಿ, ಇನ್ನೂ ಜಾಸ್ತಿ ದಿನ ಸಿಗುತ್ತದೆ.

ಸಂಪರ್ಕಕ್ಕೆ ಡಿವಿಆರ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಹಳಬರು ಕೆಲವರು ಈಗಲೂ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ನೇರ ಡಿವಿಆರ್ ತಲುಪಲು ರೂಟರ್‌ನಲ್ಲಿ ದಾರಿ ಬಿಡುವುದು) ಮಾಡಿಕೊಡುತ್ತೇನೆ ಅಂತ ಬರುತ್ತಾರೆ. ಬೇಡ ಅನ್ನಿ. ಒಂದೇ ಪಬ್ಲಿಕ್ ಐಪಿಯನ್ನು, ಅಂದರೆ ಒಂದೇ ಇಂಟರ್ನೆಟ್ ವಿಳಾಸವನ್ನು, ಹಲವು ಮನೆಗಳಿಗೆ ಹಂಚುವ ನೆಟ್ ಆದರೆ ಅದು ನಡೆಯುವುದೂ ಇಲ್ಲ. ನಡೆದರೂ ಹೊರಗಿನವರಿಗೆ ಬಾಗಿಲು ತೆರೆದಿಟ್ಟ ಹಾಗೆ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹಿಡಿದದ್ದು ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕಡೆಗಳಲ್ಲೇ.

ಡಿವಿಆರ್‌ನ ಕಿರಿಕಿರಿಗಳೂ ಇವೆ. ಹೊರಗಿನ ಕ್ಯಾಮೆರಾ ಮುಂದೆ ಜೇಡ ಬಲೆ ಕಟ್ಟುತ್ತದೆ. ರಾತ್ರಿ ಇನ್‌ಫ್ರಾರೆಡ್ ಬೆಳಕು ಬಿದ್ದು ಒಂದೇ ಎಳೆ ಬೆಳ್ಳಗೆ, ಹಗ್ಗದಷ್ಟು ದಪ್ಪ ಕಾಣುತ್ತದೆ. ಗಾಳಿಗೆ ಅದು ಅಲ್ಲಾಡಿದರೆ ಇಡೀ ರಾತ್ರಿ ‘ಚಲನೆ’ ಅಂತ ಗುರುತು ಬೀಳುತ್ತದೆ. ಆಗ ಪಟ್ಟಿ ನೋಡಿ ಏನೂ ತಿಳಿಯುವುದಿಲ್ಲ. ಅಪ್ಪ ಉದ್ದದ ಪೊರಕೆ ಹಿಡಿದು ಗುಡಿಸಿದ ಮೇಲೇ ಸರಿ. ಇನ್ನೊಂದು, ಗಡಿಯಾರ. ಇಂಟರ್ನೆಟ್ಟಿನಿಂದ ಸಮಯ ಹೊಂದಿಸಿಕೊಳ್ಳುವ ಎನ್‌ಟಿಪಿ ಆನ್ ಇರಲಿ. ಇಲ್ಲದಿದ್ದರೆ ಡಿವಿಆರ್ ಗಡಿಯಾರ ನಿಧಾನವಾಗಿ ತಪ್ಪುತ್ತಾ ಹೋಗುತ್ತದೆ, ಎರಡು ಗಂಟೆಯದ್ದು ಇನ್ಯಾವಾಗಲೋ ಸಿಗುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಹೇಳಬೇಕಾಗಿಲ್ಲ. ಡಿವಿಆರ್‌ಗೆ, ಕ್ಯಾಮೆರಾಗಳಿಗೆ ಯುಪಿಎಸ್ ಕೊಟ್ಟು ಫೈಬರ್ ಮೋಡೆಮ್ ಬಿಟ್ಟರೆ ರೆಕಾರ್ಡ್ ಆಗುತ್ತದೆ, ಆದರೆ ಹಾಸನದಲ್ಲಿ ಕೂತವರಿಗೆ ಕಾಣುವುದಿಲ್ಲ. ಎಲ್ಲಕ್ಕೂ ಯುಪಿಎಸ್ ಬೇಕು.

ಕಾರ್ಡ್ ಕ್ಯಾಮೆರಾ ಅಗ್ಗ. ಪ್ಲಗ್ ಹಾಕಿ ವೈಫೈ ಕೊಟ್ಟರೆ ಮುಗಿಯಿತು. ಅಮ್ಮ ಔಷಧಿ ತಗೊಂಡರಾ ಅಂತ ನೋಡುವುದಕ್ಕೆ, ಅದರಲ್ಲೇ ಮಾತಾಡಿಸುವುದಕ್ಕೆ ಚೆನ್ನಾಗಿದೆ. ಕಳ್ಳತನಕ್ಕೆ ಮಾತ್ರ ನಂಬಬೇಡಿ. ಕ್ಯಾಮೆರಾ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅವನ ಜೇಬಿನಲ್ಲೇ ಹೋಗುತ್ತದೆ. ಜೊತೆಗೆ ಕಾರ್ಡ್ ಸದ್ದಿಲ್ಲದೆ ಕೆಟ್ಟಿರುತ್ತದೆ. ಲೈವ್ ಬರುತ್ತಲೇ ಇರುವುದರಿಂದ ಗೊತ್ತೇ ಆಗುವುದಿಲ್ಲ. ಸದಾ ಬರೆದು ಅಳಿಸುವ ಕೆಲಸಕ್ಕೆಂದೇ ಬರುವ ‘ಹೈ ಎಂಡ್ಯೂರೆನ್ಸ್’ ಕಾರ್ಡ್ ಕೊಳ್ಳಿ. ತಿಂಗಳು ತಿಂಗಳು ದುಡ್ಡು ಕಟ್ಟುವ ಕ್ಲೌಡ್ ಇದ್ದರೆ ತುಣುಕುಗಳು ಹೊರಗೆ ಉಳಿಯುತ್ತವೆ. ಹಜಾರಕ್ಕೆ ಅಷ್ಟು ಖರ್ಚು ನನಗೆ ಜಾಸ್ತಿ ಅನ್ನಿಸಿತು.

ಇನ್ನು ಸಿಮ್ ಕ್ಯಾಮೆರಾ. ಕರೆಂಟೂ ಇಲ್ಲ, ಕೇಬಲ್ಲೂ ಇಲ್ಲದ ಕಣಕ್ಕೆ ಬೇರೆ ದಾರಿ ಇಲ್ಲ. ನಮ್ಮದು ಬ್ಯಾಟರಿಯದ್ದಾದ್ದರಿಂದ ಸುಮ್ನೆ ಮಲಗಿರುತ್ತದೆ. ಮನುಷ್ಯನೋ ಪ್ರಾಣಿಯೋ ಹತ್ತಿರ ಬಂದಾಗ ಎಚ್ಚರವಾಗಿ ಸ್ವಲ್ಪ ಹೊತ್ತು ರೆಕಾರ್ಡ್ ಮಾಡುತ್ತದೆ. ಹೀಗಾಗಿ ಮೊದಲ ಕ್ಷಣ ತಪ್ಪುತ್ತದೆ: ಮೂಟೆ ಹೊತ್ತು ಹೋಗುವ ಬೆನ್ನು ಸಿಗುತ್ತದೆ, ಮುಖ ಸಿಗುವುದು ಅದೃಷ್ಟ. ಕಣದ ಮೂಲೆಯಿಂದ ತೆಗೆದು, ದಾರಿ ಕಣಕ್ಕೆ ಸೇರುವ ಕಡೆ ತಿರುಗಿಸಿದ ಮೇಲೆ ಪರವಾಗಿಲ್ಲ. ನೋಡಲು ಡೇಟಾ ಖರ್ಚು ಬೇರೆ: 1 ಎಂಬಿಪಿಎಸ್‌ನಲ್ಲಿ ಗಂಟೆಗೆ 450 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿದರೆ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ ನೋಡಬಹುದು, ಅಷ್ಟೇ. ಅಪ್ಪನೂ ತೋಟದ ಕೆಲಸ ನೋಡಿಕೊಳ್ಳುವ ರೈಟರೂ ಒಟ್ಟಿಗೆ ಲೈವ್ ತೆರೆದು ಕೂತರೆ ಇನ್ನೂ ಬೇಗ ಖಾಲಿ.

ನನ್ನ ಆಯ್ಕೆ ಕೇಳಿದರೆ, ಮನೆಗೆ ಡಿವಿಆರ್ ಖಂಡಿತ. ಕಾರ್ಡ್ ಕ್ಯಾಮೆರಾ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಿಮ್ ಕ್ಯಾಮೆರಾ ಕೊಯ್ಲು ಶುರುವಾಗುವ ನವೆಂಬರಿನಿಂದ ರೋಬಸ್ಟಾ, ಮೆಣಸು ಒಣಗಿ ಮುಗಿಯುವವರೆಗೆ ಮಾತ್ರ. ಜುಲೈ ಮಂಜಿನಲ್ಲಿ ಸೋಲಾರ್ ಚಾರ್ಜ್ ಆಗುವುದಿಲ್ಲ, ಆಗ ಕಣದಲ್ಲಿ ಕಾಯುವಂಥದ್ದೂ ಇರುವುದಿಲ್ಲ. ಬಿಚ್ಚಿ ಒಳಗಿಡಿ. ಸಿಮ್ ಮಾತ್ರ ಒಂದು ಹಳೇ ಫೋನಿಗೆ ಹಾಕಿ ಆಗಾಗ ರೀಚಾರ್ಜ್ ಮಾಡಿ, ಬಳಸುತ್ತಿರಿ. 90 ದಿನ ಬಳಸದೆ ಬಿಟ್ಟರೆ ನಂಬರ್ ಬಂದ್ ಆಗಬಹುದು.