ಹೊಲದಲ್ಲಿ ಸಿಕ್ಕ ಬ್ರೂಚ್‌ಗಳ ದಾಖಲೆಮನೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವ ಹವ್ಯಾಸಿಗಳಿಗೆ ಸಿಕ್ಕ ಹಳೆಯ ವಸ್ತುಗಳನ್ನು 1997ರಿಂದ ದಾಖಲಿಸುತ್ತಿರುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಆನ್‌ಲೈನ್ ದತ್ತಸಂಚಯವನ್ನು, ಮಧ್ಯಯುಗದ ಬ್ರೂಚ್‌ಗಳ (ಉಡುಪಿಗೆ ಚುಚ್ಚಿಕೊಳ್ಳುವ ಸೂಜಿಯುಳ್ಳ ಆಭರಣಗಳ) ಮೇಲಿನ ಆಸಕ್ತಿಯಿಂದ ನಾನು ಬಹಳ ದಿನಗಳಿಂದ ಬಳಸುತ್ತಿದ್ದೇನೆ. ಹತ್ತು ಲಕ್ಷಕ್ಕೂ ಮೀರಿದ ವಸ್ತುಗಳ ವಿವರ ಇಲ್ಲಿ ಉಚಿತವಾಗಿ ಸಿಗುತ್ತದೆ.

ಉಡುಪಿನ ಕತ್ತಿನ ಸೀಳನ್ನು ಕೂಡಿಸಲು ಚುಚ್ಚಿಕೊಳ್ಳುತ್ತಿದ್ದ ಉಂಗುರದಾಕಾರದ ಬ್ರೂಚ್ ಒಂದರ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಸುತ್ತಲೂ ಕೊರೆದ, ಯೇಸುವಿನ ತಾಯಿ ಮೇರಿಯನ್ನು ಕುರಿತ ‘ಆವೆ ಮರಿಯಾ’ ಪ್ರಾರ್ಥನೆಯ ಅಕ್ಷರಗಳು, ಸೂಜಿ ತಿರುಗಲೆಂದು ಕಿರಿದಾಗಿಸಿದ ಜಾಗ, ಸೂಜಿಯ ತುದಿ ಒರಗುತ್ತಿದ್ದ ಕಡೆಯ ಸವೆತ ಎಲ್ಲವೂ ಕಾಣುತ್ತವೆ. ಅಳತೆ, ತೂಕ, ಲೋಹ, ಅಂದಾಜು ಕಾಲಗಳನ್ನೂ ನಮೂದಿಸಿರುತ್ತಾರೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಾಚೆ ನಿಂತವರಿಗೆ ಇಷ್ಟು ಹತ್ತಿರದ ನೋಟ ದಕ್ಕುವುದಿಲ್ಲ.

ಸಿಕ್ಕ ಸ್ಥಳವನ್ನು ಸಾರ್ವಜನಿಕರಿಗೆ ಸ್ಥೂಲವಾಗಿ ಮಾತ್ರ ತೋರಿಸುವುದು ಮೊದಲಿಗೆ ಕೊರತೆಯೆನಿಸಬಹುದು. ಆದರೆ ಕಳ್ಳ ಅಗೆತದಿಂದ ಹೊಲಗಳನ್ನು ಕಾಯಲು ಅದು ಅಗತ್ಯವೆಂದೇ ನನ್ನ ಅಭಿಪ್ರಾಯ. ಮಧ್ಯಯುಗದ ಚಿನ್ನ, ಬೆಳ್ಳಿಯ ಬ್ರೂಚ್ ಸಿಕ್ಕರೆ 14 ದಿನಗಳೊಳಗೆ ವರದಿ ಮಾಡಬೇಕೆಂದು 1996ರ ಟ್ರೆಷರ್ ಕಾಯ್ದೆ ಹೇಳುತ್ತದೆ. ಅಂಥ ಒತ್ತಾಯವಿಲ್ಲದ ತಾಮ್ರಮಿಶ್ರಲೋಹದ ಸಾಧಾರಣ ಬ್ರೂಚ್‌ಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಿರುವುದು ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ.