ತುಟಿ ಕಾಣುವ ಮಾಸ್ಕ್: ಕೊಂಡವರು ನಾವು, ಹಾಕಿಕೊಳ್ಳಬೇಕಾದವರು ಬೇರೆಯವರು

2021ರ ಎರಡನೆಯ ಅಲೆಯ ಹೊತ್ತಿಗೆ ಮೈಸೂರಿನ ನಮ್ಮ ಬಡಾವಣೆಯ ಟೈಲರೊಬ್ಬರಿಂದ ನಾನು ಹನ್ನೆರಡು ಮಾಸ್ಕ್ ಹೊಲಿಸಿದೆ. ಎರಡು ಪದರದ ಹತ್ತಿ ಬಟ್ಟೆ, ಬಾಯಿಯ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕಿಟಕಿ, ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್ಕಿನ ಬದಲು ತಲೆಯ ಹಿಂದೆ ಕಟ್ಟಿಕೊಳ್ಳುವ ಲಾಡಿ. ಒಂದಕ್ಕೆ 60 ರೂಪಾಯಿ. ಅವುಗಳಲ್ಲಿ ಐದು ಇಂದಿಗೂ ಬಳಕೆಯಲ್ಲಿರುವುದರಿಂದ, ಇಂಥದನ್ನು ಹೊಲಿಸಬೇಕೆಂದಿರುವವರಿಗೆ ಉಪಯೋಗವಾದೀತೆಂದು ಇದರ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ನನ್ನ ತಾಯಿಗೆ ಎರಡೂ ಕಿವಿ ಮಂದ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಾಕಿಸಿದ ಶ್ರವಣ ಸಾಧನವನ್ನು, ಅವರ ಮಾತಿನಲ್ಲಿ ‘ಕಿವಿ ಮಿಷನ್ನ’ನ್ನು, ವರ್ಷಗಳಿಂದ ಬಳಸುತ್ತಿದ್ದಾರೆ. ಆದರೆ ಅವರು ಕೇಳುವುದರಲ್ಲಿ ಅರ್ಧ ಪಾಲು ಕಣ್ಣಿನದು ಎಂಬುದು ಊರಿಗೆ ಊರೇ ಮುಖ ಮುಚ್ಚಿಕೊಳ್ಳುವವರೆಗೆ ನಮಗಾಗಲಿ ಅವರಿಗಾಗಲಿ ಸರಿಯಾಗಿ ತಿಳಿದಿರಲಿಲ್ಲ. ರೋಗಿಯ ಜೊತೆ ಇನ್ನೊಬ್ಬರನ್ನು ಒಳಗೆ ಬಿಡದ ಆ ದಿನಗಳಲ್ಲಿ, ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಕೌಂಟರಿನಲ್ಲಿ ಸಿಬ್ಬಂದಿ ಬಾಯಲ್ಲೇ ಹೇಳಿದ ‘ಮೂರು’ ಅವರಿಗೆ ‘ನೂರು’ ಎಂದು ಕೇಳಿಸಿತು. ತಮ್ಮ ಸರದಿ ದಾಟಿಹೋದದ್ದು ಗೊತ್ತಾಗದೆ ಎರಡು ಗಂಟೆ ಕುಳಿತಿದ್ದರು. ಮ ಮತ್ತು ನ ಎರಡೂ ಅನುನಾಸಿಕಗಳು. ಮಂದವಾದ ಕಿವಿಗೆ, ಅದರಲ್ಲೂ ಬಟ್ಟೆಯ ಹಿಂದಿನಿಂದ ಬಂದಾಗ, ಅವುಗಳ ನಡುವೆ ವ್ಯತ್ಯಾಸ ಅಷ್ಟಾಗಿ ಉಳಿಯುವುದಿಲ್ಲ. ಕಣ್ಣಿಗಾದರೋ ಅದು ಬಲು ಸುಲಭ: ಮೂರು ಎನ್ನುವಾಗ ತುಟಿಗಳು ಕೂಡುತ್ತವೆ, ನೂರು ಎನ್ನುವಾಗ ಕೂಡುವುದಿಲ್ಲ.

ಹಾಗೆಂದು ತುಟಿಯೊಂದನ್ನೇ ನೋಡಿ ಎಲ್ಲವನ್ನೂ ತಿಳಿಯಬಹುದೆಂದು ಯಾರೂ ಭಾವಿಸಬಾರದು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ‘ಮಾತ್ರೆ’ ಎಂದರೂ ‘ಪಾತ್ರೆ’ ಎಂದರೂ ನೋಡುವವರಿಗೆ ಭೇದವಿಲ್ಲ, ಅಲ್ಲಿ ಕಿವಿಯೇ ನೆರವಿಗೆ ಬರಬೇಕು. ಕ ಮತ್ತು ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಹೊರಗಿನಿಂದ ಕಾಣುವುದೇ ಇಲ್ಲ. ಸನ್ನೆ ಭಾಷೆ ಬಳಸುವವರಿಗೂ ಮುಖ ಮುಚ್ಚಿದ್ದು ಸಣ್ಣ ತೊಂದರೆಯಲ್ಲ, ಏಕೆಂದರೆ ಅವರ ಭಾಷೆಯಲ್ಲಿ ಮುಖಭಾವವೂ ವ್ಯಾಕರಣದ ಭಾಗವೇ. 2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷ ಉಳ್ಳವರು 50 ಲಕ್ಷಕ್ಕೂ ಹೆಚ್ಚು.

ಇನ್ನು ಮಾಸ್ಕಿನ ವಿಚಾರ. ಮೊದಲ ದೋಷ ಹಬೆ. ನಾಲ್ಕು ಮಾತಾಡುವಷ್ಟರಲ್ಲಿ ಕಿಟಕಿ ಮಂಜು ಹಿಡಿದು ತುಟಿ ಮಸುಕಾಗುತ್ತದೆ. ಒಳಮೈಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಒಂದು ಹನಿ ಸವರಿ, ಒಣಗಿಸಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಸುಮಾರು ಅರ್ಧ ಗಂಟೆ ನಿಶ್ಚಿಂತೆ. ಎರಡನೆಯದು ಹೊಳಪು: ಟ್ಯೂಬ್‌ಲೈಟಿನ ಪ್ರತಿಬಿಂಬ ಪ್ಲಾಸ್ಟಿಕ್ಕಿನ ಮೇಲೆ ಬಿದ್ದರೆ ತುಟಿಯ ಜಾಗದಲ್ಲಿ ಬಿಳಿ ಪಟ್ಟಿಯಷ್ಟೇ ಕಾಣುತ್ತದೆ, ಮಾತಾಡುವವರು ತಲೆಯನ್ನು ತುಸು ತಗ್ಗಿಸಬೇಕಾಗುತ್ತದೆ. ಮಡಚಿ ಇಟ್ಟ ಎರಡು ಮಾಸ್ಕ್‌ಗಳ ಹಾಳೆ ಮಡಿಕೆಯಲ್ಲೇ ಸೀಳಿತು. ಬಿಸಿನೀರಿಗೆ ಹಾಕಿದ ಒಂದು ಮುದುಡಿಹೋಯಿತು, ಅದು ನನ್ನದೇ ತಪ್ಪು.

ಇವೆಲ್ಲಕ್ಕಿಂತ ಗಂಭೀರವಾದದ್ದು ಧ್ವನಿಯ ಪ್ರಶ್ನೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಬಗೆಬಗೆಯ ಮಾಸ್ಕ್‌ಗಳನ್ನು ಪರೀಕ್ಷಿಸಿದಾಗ, ಸಾಮಾನ್ಯ ಸರ್ಜಿಕಲ್ ಮಾಸ್ಕ್ ಧ್ವನಿಯನ್ನು ಚೆನ್ನಾಗಿ ಹೊರಬಿಟ್ಟರೆ, ಪ್ಲಾಸ್ಟಿಕ್ ಕಿಟಕಿಯವು ಹೆಚ್ಚು ತಡೆದವು. ಹೀಗೆ ತಡೆಗೊಳ್ಳುವುದು ಮುಖ್ಯವಾಗಿ ಎತ್ತರದ ಸ್ಥಾಯಿಯ ಸದ್ದು, ಸ, ಶ ಮೊದಲಾದ ವ್ಯಂಜನಗಳಿಗೆ ಗುರುತು ಕೊಡುವ ಸದ್ದು. ಎಂದರೆ ಈ ಮಾಸ್ಕ್ ಕಣ್ಣಿಗೆ ಕೊಡುವುದರಲ್ಲಿ ಸ್ವಲ್ಪವನ್ನು ಕಿವಿಯಿಂದ ಕಿತ್ತುಕೊಳ್ಳುತ್ತದೆ. ನನ್ನ ತಾಯಿಯ ಮಟ್ಟಿಗೆ ಲಾಭವೇ ಹೆಚ್ಚೆಂದು ಕಂಡಿತು; ತುಟಿ ನೋಡುವ ರೂಢಿಯಿಲ್ಲದವರಿಗೆ ಇದನ್ನು ಶಿಫಾರಸು ಮಾಡಲಾರೆ.

ಲಾಡಿಗೆ ಮಾತ್ರ ಪೂರ್ಣ ಅಂಕ. ಕಿವಿಯ ಹಿಂದೆ ಮೊದಲೇ ಶ್ರವಣ ಸಾಧನ, ಅದರ ಮೇಲೆ ಕನ್ನಡಕದ ಕಡ್ಡಿ; ಮೂರನೆಯದಾಗಿ ಎಲಾಸ್ಟಿಕ್ ಸೇರಿದರೆ ಮಾಸ್ಕ್ ತೆಗೆಯುವಾಗ ಸಾಧನವೂ ಎಗರಿ ಬೀಳುತ್ತದೆ. ಒಮ್ಮೆ ಆಟೋದಲ್ಲಿ ಹಾಗೆ ಬಿದ್ದದ್ದನ್ನು ಸೀಟಿನ ಸಂದಿಯಿಂದ ಹುಡುಕಿ ತೆಗೆದಿದ್ದೇವೆ.

ನಮಗೆ ತಡವಾಗಿ ಹೊಳೆದ ಸಂಗತಿಯೊಂದಿದೆ. ಮೊದಲ ದಿನ ಈ ಮಾಸ್ಕನ್ನು ಸಂಭ್ರಮದಿಂದ ತಾಯಿಗೇ ಕಟ್ಟಿ ಕಳುಹಿಸಿದೆವು. ಅವರ ತುಟಿ ಎಲ್ಲರಿಗೂ ಕಂಡಿತು, ಅವರಿಗೆ ಯಾರದೂ ಕಾಣಲಿಲ್ಲ! ಕೇಳಿಸದವರ ಕೈಯಲ್ಲಿ ಕಾಸು ತೆಗೆಸುವ ಈ ವಸ್ತುವನ್ನು ನಿಜವಾಗಿ ಧರಿಸಬೇಕಾದವರು ನರ್ಸ್, ಡಾಕ್ಟರ್, ಔಷಧಿ ಕೊಡುವವರು. ಅಂದಿನಿಂದ ತೊಳೆದು ಒಣಗಿಸಿದ ಮಾಸ್ಕ್‌ಗಳನ್ನು ಒಂದೊಂದಾಗಿ ಕವರಿನಲ್ಲಿಟ್ಟು, ‘ನನಗೆ ಕಿವಿ ಮಂದ, ದಯವಿಟ್ಟು ಇದನ್ನು ಧರಿಸಿ ಮಾತಾಡಿ’ ಎಂಬ ಚೀಟಿಯೊಂದಿಗೆ ಕಳುಹಿಸತೊಡಗಿದೆ. ಒಬ್ಬ ವೈದ್ಯರು ಎನ್-95 ತೆಗೆಯಲಾಗದೆಂದರು. ಅದು ನ್ಯಾಯವೇ, ಟೈಲರ್ ಹೊಲಿದ ಮಾಸ್ಕ್ ಎನ್-95ರ ಸ್ಥಾನ ತುಂಬಲಾರದು. ಅವರು ಹೇಳಬೇಕಾದ್ದನ್ನು ಔಷಧಿ ಚೀಟಿಯ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಇನ್ನೊಬ್ಬ ನರ್ಸ್ ಅಷ್ಟೇ ಅಕ್ಕರೆಯಿಂದ, ತಾವು ಹಾಕಿದ್ದ ನೀಲಿ ಮಾಸ್ಕಿನ ಮೇಲೆಯೇ ಇದನ್ನು ಕಟ್ಟಿಕೊಂಡು, “ಈಗ ಕಾಣ್ತಿದೆಯಾ ಅಜ್ಜಿ?” ಎಂದರಂತೆ. ಕಿಟಕಿಯ ತುಂಬ ನೀಲಿ ಬಟ್ಟೆ. ತಾಯಿ ಮನೆಗೆ ಬಂದು ಇದನ್ನು ಹೇಳಿ ನಕ್ಕರು, ನನಗೆ ನಗು ಬರಲಿಲ್ಲ.

ಏಕೆಂದರೆ ಇದನ್ನು ಒದಗಿಸುವುದು ಮನೆಯವರ ಕೆಲಸವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಂ, ಅಪಾಯದ ಸಂದರ್ಭಗಳಲ್ಲಿ ಅವರಿಗೆ ಸಮಾನ ರಕ್ಷಣೆ ಇರಬೇಕೆನ್ನುತ್ತದೆ. ಲಾಕ್‌ಡೌನ್ ಆರಂಭವಾದ ಮರುದಿನವೇ, 2020ರ ಮಾರ್ಚ್ 26ರಂದು, ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆ ಹೊರಡಿಸಿದ ಮಾರ್ಗಸೂಚಿ ಕೋವಿಡ್ ಮಾಹಿತಿಯನ್ನು ಬ್ರೈಲ್, ಧ್ವನಿ, ಸನ್ನೆ ಭಾಷೆಗಳಲ್ಲಿ ಒದಗಿಸಬೇಕೆಂದಿತ್ತು. ಅಮೆರಿಕದಲ್ಲಿ ಪಾರದರ್ಶಕ ಸರ್ಜಿಕಲ್ ಮಾಸ್ಕ್ ಒಂದಕ್ಕೆ ಅದೇ ವರ್ಷ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆಯೂ ಸಿಕ್ಕಿತ್ತು. ಇವನ್ನೆಲ್ಲ ಉಲ್ಲೇಖಿಸಿ, ಕೌಂಟರಿನಲ್ಲಿ ಇಂಥ ನಾಲ್ಕು ಮಾಸ್ಕ್ ಮತ್ತು ಒಂದು ಸ್ಲೇಟು ಇಡಿ ಎಂದು ನಾವು ಹೋಗುತ್ತಿದ್ದ ಆಸ್ಪತ್ರೆಗೆ ಅರ್ಜಿ ಬರೆದೆ. ಎರಡನೆಯ ಬಾರಿ ವಿಚಾರಿಸಿದಾಗ, ಮಾಸ್ಕ್ ನೀವೇ ತಂದುಕೊಳ್ಳಿ ಎಂದರು. ಸ್ಲೇಟು ಮಾತ್ರ ಬಂತು, ಬಳಪ ಸಮೇತ.

ಹೊಲಿಸುವವರು ಕಿಟಕಿಯನ್ನು ತುಟಿಯಷ್ಟಕ್ಕೇ ಬಿಡದೆ ಗಲ್ಲದವರೆಗೂ ಇಳಿಸಲು ಹೇಳಿ, ದವಡೆಯ ಚಲನೆಯೂ ಕಾಣಬೇಕು. ಹಾಳೆ ಬಟ್ಟೆಗೆ ಸೇರುವಲ್ಲಿ ಎರಡು ಸಾಲು ಹೊಲಿಗೆ ಇರಲಿ. ಮಡಚದೆ, ಹಳೆಯ ಡಬ್ಬಿಯೊಂದರಲ್ಲಿ ಚಪ್ಪಟೆಯಾಗಿಡಿ. ಕಳೆದ ತಿಂಗಳು ಹಲ್ಲಿನ ಡಾಕ್ಟರ ಬಳಿ ಹೋದಾಗ, ತಾಯಿ ಚೀಟಿ ತೆಗೆಯುವ ಮೊದಲೇ ಅಲ್ಲಿನ ಸಹಾಯಕಿ ಕವರು ಇಸಿದುಕೊಂಡು, ನೀಲಿ ಮಾಸ್ಕ್ ಬಿಚ್ಚಿ ಇದನ್ನು ಕಟ್ಟಿಕೊಂಡರು. ಇನ್ನೂ ಆರಕ್ಕೆ ಟೈಲರಿಗೆ ಹೇಳಿದ್ದೇನೆ. ಈಗ ಒಂದಕ್ಕೆ 90 ರೂಪಾಯಿ ಕೇಳುತ್ತಿದ್ದಾರೆ.